ಯಾವ ಹೊತ್ತಿನ ಮಲ್ಲಿಗೆ ನಿಮ್ಮದು?

ಬೇಸಿಗೆ ಕಾಲಿಟ್ಟಿತೆಂದರೆ ಸೆಂಟಿನ ಅಂಗಡಿಯ ಮುಂದಿನ ಸಾಲಿಗೆ ಬಿಳಿ ಹೂವಿನ ಡಬ್ಬಿಗಳು ಬಂದು ಕೂರುತ್ತವೆ. ಡಬ್ಬಿಯ ಮೇಲೆ ಹೂವಿನ ಹೆಸರಿನ ಜತೆಗೆ ಒಂದು ಸ್ವಭಾವವೂ ಅಚ್ಚಾಗಿರುತ್ತದೆ: ಧೈರ್ಯವಂತೆ, ಮುಗ್ಧೆ, ಕನಸುಗಾರ್ತಿ, ನಿಗೂಢೆ. ಆ ಮಾತು ನಂಬಿ ದುಡ್ಡು ಕೊಟ್ಟವರ ಮನೆಯಲ್ಲಿ ಬಾಟಲಿ ಮುಕ್ಕಾಲು ತುಂಬಿದಂತೆಯೇ ಉಳಿದಿರುವುದನ್ನು ನೋಡಿರುತ್ತೀರಿ. ಹಚ್ಚಿಕೊಂಡ ಪರಿಮಳ ನಮ್ಮ ಬಗ್ಗೆ ಏನೋ ಹೇಳುತ್ತದೆ ಎಂಬುದು ನಿಜ. ಆದರೆ ಅದನ್ನು ಡಬ್ಬಿ ಓದಿ ತಿಳಿಯಲಾಗದು. ಅದಕ್ಕೆ ಮೂಗು ಪಳಗಬೇಕು, ಮತ್ತು ಕನ್ನಡದವರ ಮೂಗಿಗೆ ಪಾಠ ಹೇಳಲು ಮಲ್ಲಿಗೆಗಿಂತ ಒಳ್ಳೆಯ ಗುರು ಇಲ್ಲ.

ಮಲ್ಲಿಗೆ ನಮ್ಮ ಬೇಸಿಗೆಯ ಹೂವು. ಚಳಿಗಾಲದಲ್ಲಿ ಕೈಗೆ ಸಿಗದಷ್ಟು ದುಬಾರಿಯಾಗುವ ಹೂ ಮಾರ್ಚ್ ಕಳೆದ ಮೇಲೆ ಬುಟ್ಟಿ ಬುಟ್ಟಿ ಬರುತ್ತದೆ. ಮೈಸೂರು ಮಲ್ಲಿಗೆ, ಹೂವಿನ ಹಡಗಲಿಯ ಮಲ್ಲಿಗೆ, ಶಂಕರಪುರದ ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಉಡುಪಿ ಕಡೆ ಹೂವಿನ ಲೆಕ್ಕ ಚೆಂಡು, ಅಟ್ಟೆಗಳಲ್ಲಿ. ಮದುವೆಯ ಕಾಲದಲ್ಲಿ ಅಟ್ಟೆಯ ದರ ದಿನಕ್ಕೊಂದು. ಈ ಹೂವನ್ನು ಹುಟ್ಟಿದಾಗಿನಿಂದ ಮೂಸಿ ಬೆಳೆದವರು ನಾವು. ಜಗತ್ತಿನ ದೊಡ್ಡ ದೊಡ್ಡ ಸೆಂಟುಗಳ ಎದೆಯಲ್ಲಿರುವುದೂ ಇದೇ ಹೂವು, ಇಲ್ಲವೇ ಇದರ ಅಕ್ಕನಂತಿರುವ ಜಾಜಿ. ತಯಾರಕರು ಕೊಡುವ ವಿವರದಲ್ಲಿ 'ಸಂಬಾಕ್' ಎಂದಿದ್ದರೆ ಅದು ದುಂಡುಮಲ್ಲಿಗೆಯ ಜಾತಿ, 'ಗ್ರ್ಯಾಂಡಿಫ್ಲೋರಮ್' ಎಂದಿದ್ದರೆ ಜಾಜಿ. ದುಂಡುಮಲ್ಲಿಗೆಯಲ್ಲಿ ಹಸಿರು ಹೆಚ್ಚು, ಕಿತ್ತಳೆ ಹೂವಿನ ನೆರಳೂ ಉಂಟು. ಜಾಜಿಯದು ಹಣ್ಣಿನ ಸಿಹಿ, ತುಸು ಬೆಚ್ಚಗಿನ ವಾಸನೆ.

ಅಂಗಡಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಸಂಜೆ ಐದರ ಹೊತ್ತಿಗೆ ಒಂದು ಮೊಳ ಮಲ್ಲಿಗೆ ಮೊಗ್ಗು ಕೊಂಡು ತನ್ನಿ. ಅರಳಿದ್ದು ಬೇಡ, ಬಿಗಿಯಾದ ಮೊಗ್ಗೇ ಬೇಕು. ಮುಡಿಯಬೇಡಿ, ತಟ್ಟೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿಡಿ. ತಂದ ಕೂಡಲೇ ಮೂಸಿದರೆ ಪರಿಮಳ ಅಷ್ಟಾಗಿ ಇರುವುದಿಲ್ಲ. ಚಿವುಟಿದ ಎಲೆಯ ಹಸಿ ವಾಸನೆ, ಕಟ್ಟಿದ ಬಾಳೆನಾರಿನ ತೇವ, ಇವುಗಳ ಹಿಂದೆಲ್ಲೋ ಒಂದು ಸಿಹಿ. ರಾತ್ರಿ ಒಂಬತ್ತಕ್ಕೆ ಬಟ್ಟೆ ಸರಿಸಿ. ಮೊಗ್ಗು ಬಾಯಿಬಿಟ್ಟಿರುತ್ತದೆ, ಕೋಣೆ ತುಂಬಿರುತ್ತದೆ. ಕಣ್ಣು ಮುಚ್ಚಿ ಗಮನವಿಟ್ಟು ಮೂಸಿದರೆ ಮಾಗಿದ ಬಾಳೆಹಣ್ಣಿನ ಸುಳಿವು ಸಿಗುತ್ತದೆ. ಅದು ಬೆಂಜೈಲ್ ಅಸಿಟೇಟ್ ಎಂಬ ಅಂಶದ್ದು. ಹಗುರವಾಗಿ ಮೂಗಿನ ಮೇಲ್ಭಾಗಕ್ಕೆ ಏರುವ ತಾಜಾತನ ಲಿನಾಲೂಲ್‌ನದು. ಮರುದಿನ ಬೆಳಿಗ್ಗೆ ಮತ್ತೆ ನೋಡಿ. ಎಸಳಿನ ಅಂಚು ಕಂದಿರುತ್ತದೆ, ಹೂ ಮೆತ್ತಗಾಗಿರುತ್ತದೆ. ವಾಸನೆ ದಪ್ಪವಾಗಿ, ಚಹಾದ ಸೊಪ್ಪಿನಂತಾಗಿ, ತಳದಲ್ಲಿ ಒಂದು ಬಗೆಯ ಕಮಟು ಸೇರಿರುತ್ತದೆ. ಆ ಕಮಟಿಗೆ ಕಾರಣ ಇಂಡೋಲ್. ಒಂಟಿಯಾಗಿ ಮೂಸಿದರೆ ನುಸಿಗುಳಿಗೆಯನ್ನು ನೆನಪಿಸುವ, ಕೊಳೆಯುವ ವಸ್ತುಗಳಲ್ಲೂ ಇರುವ ಇದೇ ಇಂಡೋಲ್ ಮಲ್ಲಿಗೆಗೆ ಜೀವ ಕೊಡುತ್ತದೆ. ಅದನ್ನು ಪೂರ್ತಿ ತೆಗೆದುಬಿಟ್ಟರೆ ಉಳಿಯುವುದು ಸೋಪಿನ ಮಲ್ಲಿಗೆ.

ಒಂದೇ ಹೂವಿನಲ್ಲಿ ಒಂದೇ ರಾತ್ರಿಯೊಳಗೆ ಮೂರು ಬಗೆಯ ಪರಿಮಳ. ಬಾಟಲಿಯೊಳಗಿನ ಪ್ರತಿಯೊಂದು ಮಲ್ಲಿಗೆ ಸೆಂಟೂ ಈ ಮೂರು ಹೊತ್ತುಗಳಲ್ಲಿ ಒಂದನ್ನು ಹಿಡಿದು ನಿಲ್ಲಿಸಿದ್ದು. ವ್ಯಕ್ತಿತ್ವದ ಮಾತು ಬರುವುದು ಇಲ್ಲಿಂದ. ನೀವು ಆರಿಸಿಕೊಂಡ ಹೊತ್ತು, ಎದುರಿನವರು ನಿಮಗೆ ಎಷ್ಟು ಹತ್ತಿರ ಬರಲಿ ಎಂದು ಬಯಸುತ್ತೀರಿ ಎಂಬುದನ್ನು ಹೇಳುತ್ತದೆ.

ಸಂಜೆಯ ಮೊಗ್ಗು

ಹಸಿರು, ನೀರು, ಗಾಳಿ ಇರುವ ಪರಿಮಳ ಇದು. ಈ ಬಗೆಯ ಸೆಂಟುಗಳಿಗೆ ಹೆದ್ದಾರಿ ತೆರೆದವರು ಫ್ರಾನ್ಸಿನ ಎಡ್ಮಂಡ್ ರೂಡ್ನಿಟ್ಸ್ಕಾ. 1956ರಲ್ಲಿ ಅವರು ಡಿಯೋರ್ ಸಂಸ್ಥೆಗೆ ಮಾಡಿಕೊಟ್ಟ ಡಿಯೋರಿಸ್ಸಿಮೊ, ಕಣಿವೆಯ ಲಿಲಿ ಎಂಬ ಪುಟ್ಟ ಗಂಟೆಹೂವಿನ ಪರಿಮಳ. ಈ ಹೂವಿನಿಂದ ಬಳಸಲು ಯೋಗ್ಯವಾದ ತೈಲ ತೆಗೆಯಲು ಬರುವುದಿಲ್ಲ. ಹಾಗಾಗಿ ರೂಡ್ನಿಟ್ಸ್ಕಾ ಗ್ರಾಸ್ ಪಟ್ಟಣದ ಬಳಿಯ ತಮ್ಮ ತೋಟದಲ್ಲಿ ಆ ಗಿಡಗಳನ್ನು ಬೆಳೆಸಿ, ಹೂವನ್ನು ಮೂಸಿ ಮೂಸಿ, ಬೇರೆ ಬೇರೆ ದ್ರವ್ಯಗಳಿಂದ ಅದರ ಪರಿಮಳವನ್ನು ಕಟ್ಟಿದರು. ಹತ್ತು ವರ್ಷದ ನಂತರ, 1966ರಲ್ಲಿ, ಗಂಡಸರಿಗೆಂದು ಅವರು ಮಾಡಿದ ಓ ಸೋವಾಜ್‌ನಲ್ಲಿ ಮಲ್ಲಿಗೆಯ ಸಂಶೋಧನೆಯಿಂದಲೇ ಹುಟ್ಟಿದ ಹೆಡಿಯೋನ್ ಎಂಬ ಕೃತಕ ದ್ರವ್ಯವನ್ನು ಬಳಸಿದರು. ಹೆಡಿಯೋನ್‌ಗೆ ತನ್ನದೇ ಜೋರು ವಾಸನೆ ಇಲ್ಲ. ಜತೆಗಿರುವ ಪರಿಮಳಗಳ ನಡುವೆ ಗಾಳಿಯಾಡುವಂತೆ ಮಾಡುತ್ತದೆ. ಇಂದು ಬೇಸಿಗೆಯ ಹೂಸೆಂಟುಗಳಲ್ಲಿ ಅದಿಲ್ಲದ್ದು ಅಪರೂಪ.

ಇದನ್ನು ಹಾಕಿಕೊಂಡವರ ಬಗ್ಗೆ ಬರುವ ಭಾವನೆ: ಅಚ್ಚುಕಟ್ಟು, ಮಿತಮಾತು, ಹೊತ್ತಿಗೆ ಸರಿಯಾಗಿ ಬರುವವರು. ಪರಿಮಳ ಒಂದು ತೋಳಿನಷ್ಟು ದೂರದಲ್ಲಿ ನಿಂತು ನಮಸ್ಕಾರ ಹೇಳುತ್ತದೆ. ಕಚೇರಿ, ಸಂದರ್ಶನ, ಪಾಠದ ಕೋಣೆ, ತುಂಬಿದ ಬಸ್ಸು, ಎಲ್ಲಕ್ಕೂ ಒಗ್ಗುತ್ತದೆ. ಏಪ್ರಿಲ್‌ ಮಧ್ಯಾಹ್ನಕ್ಕೆ ಒಂದೇ ಬಾಟಲಿ ಸಾಕು ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಕೊರತೆಯೂ ಇದೆ: ಬೇಗ ಹಾರಿಹೋಗುತ್ತದೆ, ಮೂರು ಗಂಟೆ ನಿಂತರೆ ಹೆಚ್ಚು.

ರಾತ್ರಿ ಒಂಬತ್ತರ ಹೂವು

ಪೂರ್ತಿ ಅರಳಿದ್ದು, ಸಂಕೋಚವಿಲ್ಲದ್ದು. ಇದರ ದೊಡ್ಡ ಉದಾಹರಣೆ ಜಾಯ್. 1929ರ ಷೇರುಪೇಟೆ ಕುಸಿತದಿಂದ ಅಮೆರಿಕದ ಶ್ರೀಮಂತ ಗಿರಾಕಿಗಳು ಕೈಕಟ್ಟಿ ಕೂತಿದ್ದ ಕಾಲದಲ್ಲಿ, 1930ರಲ್ಲಿ, ಪ್ಯಾರಿಸ್ಸಿನ ಉಡುಪು ವಿನ್ಯಾಸಕ ಜಾನ್ ಪಾತೂ ಅವರಿಗಾಗಿ ಆನ್ರಿ ಅಲ್ಮೆರಾಸ್ ಮಾಡಿದ ಸೆಂಟು ಅದು. ಮೂವತ್ತು ಮಿಲಿಲೀಟರಿಗೆ 10,600 ಜಾಜಿ ಹೂವು, 28 ಡಜನ್ ಗುಲಾಬಿ ಬೇಕೆಂದು ಸಂಸ್ಥೆ ಹೇಳಿಕೊಳ್ಳುತ್ತಿತ್ತು. ಜಗತ್ತಿನ ಅತಿ ದುಬಾರಿ ಸೆಂಟು ಎಂದೇ ಮಾರಾಟ ಮಾಡಿತು. ಬೆಲೆಯ ಹಿಂದೆ ಕಾರಣವೂ ಇದೆ. ಮಲ್ಲಿಗೆ, ಜಾಜಿಗಳನ್ನು ಗುಲಾಬಿಯ ಹಾಗೆ ಹಬೆಗೆ ಒಡ್ಡಿದರೆ ಪರಿಮಳ ಸುಲಭವಾಗಿ ಕೆಡುತ್ತದೆ. ಹಿಂದೆ ಗ್ರಾಸ್‌ನಲ್ಲಿ ಗಾಜಿನ ಹಲಗೆಗೆ ಕೊಬ್ಬು ಸವರಿ ಅದರ ಮೇಲೆ ಹೂ ಹಾಸುತ್ತಿದ್ದರು; ಕೊಯ್ದ ಮೇಲೂ ಪರಿಮಳ ಬಿಡುತ್ತಲೇ ಇರುವ ಈ ಹೂವು ಅದನ್ನು ಕೊಬ್ಬಿಗೆ ಕೊಡುತ್ತಿತ್ತು. ಈಗ ದ್ರಾವಕದಲ್ಲಿ ನೆನೆಸಿ ಸತ್ವ ತೆಗೆಯುತ್ತಾರೆ. ಒಂದು ಕಿಲೋ ಶುದ್ಧ ಸತ್ವಕ್ಕೆ ಆರೇಳು ನೂರು ಕಿಲೋ ಹೂವಾದರೂ ಬೇಕು. ತಮಿಳುನಾಡಿನ ಮಧುರೈ, ಕೊಯಮತ್ತೂರು ಸುತ್ತಿನ ಹೊಲಗಳಲ್ಲಿ ಕತ್ತಲಿರುವಾಗಲೇ ಹೆಂಗಸರು ಕೊಯ್ಯುವ ಮೊಗ್ಗು ಹೀಗೆ ಸತ್ವವಾಗಿ ಪ್ಯಾರಿಸ್ಸಿನ ಬಾಟಲಿ ಸೇರುತ್ತದೆ. ಐನೂರು ರೂಪಾಯಿಯ ಸೆಂಟಿನಲ್ಲಿ ನಿಜವಾದ ಮಲ್ಲಿಗೆ ಸತ್ವ ಹೆಚ್ಚಿರಲು ಸಾಧ್ಯವಿಲ್ಲ ಎಂಬುದು ಈ ಲೆಕ್ಕದಿಂದಲೇ ತಿಳಿಯುತ್ತದೆ. ಹಾಗೆಂದು ಅದು ಕೆಟ್ಟದ್ದೇನಲ್ಲ. ಕೃತಕ ದ್ರವ್ಯಗಳಿಂದಲೂ ಒಳ್ಳೆಯ ಸೆಂಟು ಆಗುತ್ತದೆ. 'ನೂರಕ್ಕೆ ನೂರು ನೈಸರ್ಗಿಕ' ಎಂದು ಅಗ್ಗಕ್ಕೆ ಮಾರುವುದನ್ನು ಮಾತ್ರ ನಂಬಬೇಡಿ.

ರಾತ್ರಿಯ ಹೂವು ಸೂಚಿಸುವ ಸ್ವಭಾವ ಧಾರಾಳ. ಮನೆಗೆ ಬಂದವರನ್ನು ಊಟ ಮಾಡಿಸದೆ ಕಳಿಸದವರು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯದವರು. ಮದುವೆ, ಆರತಕ್ಷತೆ, ಸಂಜೆಯ ಸಂಗೀತ ಕಛೇರಿಗೆ ಸರಿ. ಮೇ ತಿಂಗಳ ಹಗಲಿಗೆ, ಕಿಟಕಿ ಮುಚ್ಚಿದ ಎಸಿ ಕೋಣೆಗೆ ಬೇಡ. ಬಿಸಿಲಿಗೆ ಸೆಂಟು ಬೇಗ ಆವಿಯಾಗಿ ಒಮ್ಮೆಲೇ ಸುತ್ತ ಹರಡುತ್ತದೆ. ಪಕ್ಕದವರಿಗೆ ತಲೆನೋವು ಗ್ಯಾರಂಟಿ.

ಮರುದಿನ ಬೆಳಗಿನ ಹೂವು

ಇಂಡೋಲ್ ಮುಚ್ಚಿಡದ ಸೆಂಟುಗಳು ಇಲ್ಲಿಗೆ ಸೇರುತ್ತವೆ. ಉತ್ತರಪ್ರದೇಶದ ಕನ್ನೌಜ್‌ನಲ್ಲಿ ಇಳಿಸುವ ಬೇಲಾ ಅತ್ತರು, ಅಂದರೆ ಮಲ್ಲಿಗೆ ಅತ್ತರು, ಈ ಗುಂಪಿನದು. ದೇಗ್ ಎಂಬ ತಾಮ್ರದ ಹಂಡೆಯಲ್ಲಿ ಹೂವು ನೀರು ತುಂಬಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಹಬೆ ಬಿದಿರ ಕೊಳವೆಯಲ್ಲಿ ಹಾದು ಭಪ್ಕಾ ಎಂಬ ಪಾತ್ರೆಯಲ್ಲಿರುವ ಗಂಧದೆಣ್ಣೆಗೆ ಇಳಿಯುತ್ತದೆ. ಗಂಧದೆಣ್ಣೆ ತುಟ್ಟಿಯಾದ ಮೇಲೆ ಅನೇಕರು ಬೇರೆ ದ್ರವ ಬಳಸುತ್ತಾರೆ, ಆದ್ದರಿಂದ ಕೊಳ್ಳುವಾಗ ತಳದಲ್ಲಿರುವುದು ಏನು ಎಂದು ಕೇಳಲೇಬೇಕು. ಒಳ್ಳೆಯ ಬೇಲಾ ಅತ್ತರಿನಲ್ಲಿ ಹೂವಿನ ಕಮಟೂ ಗಂಧದ ತಂಪೂ ಒಟ್ಟಿಗಿರುತ್ತವೆ. ಆಲ್ಕೋಹಾಲ್ ಇಲ್ಲದ್ದರಿಂದ ದೂರ ಹಾರುವುದಿಲ್ಲ, ಚರ್ಮಕ್ಕಂಟಿಕೊಂಡು ಬಹಳ ಹೊತ್ತು ಇರುತ್ತದೆ. ಬಂದವರು ತೀರ ಹತ್ತಿರವಾದಾಗಲೇ ಗೊತ್ತಾಗುವ ಪರಿಮಳ. ಮೊದಲ ಭೇಟಿಯಲ್ಲಿ ಮೆಚ್ಚಿಸುವ ಆತುರವಿಲ್ಲದವರಿಗೆ, ವಯಸ್ಸು ಮಾಗಿದವರಿಗೆ, ತಮ್ಮ ಸಂತೋಷಕ್ಕೇ ಹಚ್ಚಿಕೊಳ್ಳುವವರಿಗೆ ಇದು. ಬೇಸಿಗೆಯಲ್ಲಿ ಸೂರ್ಯ ಇಳಿದ ಮೇಲೆ ಗಾಜಿನ ಕಡ್ಡಿಯಲ್ಲಿ ಒಂದು ಗೆರೆ ಎಳೆದರೆ ಸಾಕು.

ಇಷ್ಟು ಹೇಳಿದ ಮೇಲೆ ಒಂದು ತಿದ್ದುಪಡಿ. ಪರಿಮಳದ ಅರ್ಥ ಊರಿನಿಂದ ಊರಿಗೆ ಬೇರೆ. ಪ್ಯಾರಿಸ್ಸಿನಲ್ಲಿ ಮಲ್ಲಿಗೆ ಎಂದರೆ ಐಶ್ವರ್ಯ, ಮೋಹ. ಕಣಿವೆಯ ಲಿಲಿ ಎಂದರೆ ಮೇ ಒಂದರಂದು ಪರಸ್ಪರ ಕೊಟ್ಟುಕೊಳ್ಳುವ ಶುಭಾಶಯ. ನಮ್ಮಲ್ಲಿ ಮಲ್ಲಿಗೆ ಎಂದರೆ ದೇವರಮನೆ, ಹಬ್ಬದ ಬೆಳಗು, ಸೀಮಂತ, ಅಮ್ಮನ ಜಡೆ. ಅದೇ ಬಾಟಲಿ ಧಾರವಾಡದಲ್ಲಿ ಹೇಳುವುದು ಒಂದು, ದುಬೈನಲ್ಲಿ ಹೇಳುವುದು ಇನ್ನೊಂದು. ನಮ್ಮಲ್ಲಿ ಈ ಅರ್ಥ ಒಂದು ನೋವನ್ನೂ ಹೊತ್ತುಕೊಂಡಿದೆ. ಗಂಡ ತೀರಿಕೊಂಡ ಹೆಣ್ಣುಮಕ್ಕಳ ತಲೆಯಿಂದ ಹೂ ತೆಗೆಸುವ ಪದ್ಧತಿ ಇನ್ನೂ ಅನೇಕ ಮನೆಗಳಲ್ಲಿ ಉಳಿದಿದೆ. ಹುಟ್ಟಿದಾಗಿನಿಂದ ಮುಡಿದದ್ದನ್ನು ಒಂದು ದಿನ ಬಿಡು ಎನ್ನುವುದು ಕ್ರೂರ. ಅಂಥ ಅಮ್ಮನಿಗೋ ಅತ್ತಿಗೆಗೋ ಉಡುಗೊರೆ ಕೊಡುವುದಾದರೆ ಹೂವನ್ನೂ ಕೊಡಿ, ಮಲ್ಲಿಗೆ ಸೆಂಟನ್ನೂ ಕೊಡಿ. ಮಲ್ಲಿಗೆ ಹಚ್ಚಿಕೊಳ್ಳಲು ಗಂಡಸರೂ ಹಿಂಜರಿಯಬೇಕಾಗಿಲ್ಲ: ಬೇಲಾ ಅತ್ತರು ತಲೆಮಾರುಗಳಿಂದ ಗಂಡಸರ ಅಂಗಿಯ ಮೇಲಿದೆ.

ಬೇರೆ ಹೂಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಸುಗಂಧರಾಜ ಬೆಣ್ಣೆಯ ಜಿಡ್ಡಿರುವ ಭಾರದ ಪರಿಮಳ. 1948ರಲ್ಲಿ ಜೆರ್ಮೇನ್ ಸೆಲಿಯೆ ಮಾಡಿದ ಫ್ರಕಾಸ್ ಅದಕ್ಕೆ ಪ್ರಸಿದ್ಧ. ನಮ್ಮ ಮೂಗಿಗೆ ಅದು ಹಾರ, ವೇದಿಕೆಗಳನ್ನು ನೆನಪಿಸುತ್ತದೆ. ಬೇಸಿಗೆಯ ಹಗಲಿಗೆ ನಾನು ಶಿಫಾರಸು ಮಾಡುವುದಿಲ್ಲ. ಸಂಪಿಗೆ ಇನ್ನೂ ಗಾಢ. ನೀರು ತುಂಬಿದ ಗಾಜಿನ ಬಾಟಲಿಯಲ್ಲಿ ಸಂಪಿಗೆ ಮುಳುಗಿಸಿಟ್ಟು ನೋಡುವ ಮನೆಗಳಿವೆ, ಆದರೆ ಅದರ ಸೆಂಟು ಎಲ್ಲರಿಗೂ ಹಿಡಿಸದು. ಗುಲಾಬಿ ಪನ್ನೀರಿನಷ್ಟೇ ತೆಳುವಾಗಿದ್ದರೆ ಚೆನ್ನ. ಕಹಿ ಕಿತ್ತಳೆಯ ಹೂವಿನಿಂದ ಇಳಿಸುವ ನೆರೋಲಿ ಮಾತ್ರ ಬೇಸಿಗೆಗೆಂದೇ ಹುಟ್ಟಿದ್ದು: ಮಲ್ಲಿಗೆಯ ಸಿಹಿ, ನಿಂಬೆಯ ಚುರುಕು ಎರಡೂ ಉಂಟು. ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಕಡೆಯವರಿಗೆ ಹೂಮಳೆ ಬಿದ್ದ ವಾರದ ನಂತರ ಕಾಫಿ ತೋಟ ಬೆಳ್ಳಗಾದಾಗಿನ ಪರಿಮಳ ಗೊತ್ತಿರುತ್ತದೆ. ನೆರೋಲಿ ಅವರಿಗೆ ಮೊದಲ ಸಲಕ್ಕೇ ಪರಿಚಿತ ಎನಿಸಬಹುದು.

ಕೊಳ್ಳುವಾಗ, ಹಚ್ಚುವಾಗ

ಬಾಟಲಿಯ ಮೇಲೆ ಇಡಿಸಿ, ಇಡಿಟಿ, ಇಡಿಪಿ ಎಂದಿರುವುದು ಗಾಢತೆಯ ಗುರುತು. ಸ್ಥೂಲವಾಗಿ ಹೇಳುವುದಾದರೆ ಇಡಿಸಿ ಎಂಬ ಕೊಲೋನ್‌ನಲ್ಲಿ ಪರಿಮಳ ದ್ರವ್ಯ ಶೇ 2ರಿಂದ 5, ಇಡಿಟಿಯಲ್ಲಿ ಶೇ 5ರಿಂದ 15, ಇಡಿಪಿಯಲ್ಲಿ ಶೇ 15ರಿಂದ 20. ಇದಕ್ಕೆ ಕಾನೂನಿನ ಕಟ್ಟಳೆ ಇಲ್ಲ, ಸಂಸ್ಥೆಯಿಂದ ಸಂಸ್ಥೆಗೆ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಬೇಸಿಗೆಗೆ ಇಡಿಟಿ ಸಾಕು. ಒಂದೇ ಹೆಸರಿನ ಇಡಿಟಿ, ಇಡಿಪಿ ಎರಡೂ ಸಿಗುವಾಗ ಅವು ಬರೀ ಗಾಢತೆಯಲ್ಲಿ ಬೇರೆ ಎಂದುಕೊಳ್ಳಬೇಡಿ. ಎಷ್ಟೋ ಸಲ ಮಿಶ್ರಣವೇ ಬೇರೆ ಇರುತ್ತದೆ, ಎರಡನ್ನೂ ಮೂಸಿ ನೋಡಿ.

ಅಂಗಡಿಯಲ್ಲಿ ಮೊದಲು ಕಾಗದದ ಪಟ್ಟಿಯ ಮೇಲೆ ಮೂರು ನಾಲ್ಕು ನೋಡಿ, ಅದರಲ್ಲಿ ಎರಡನ್ನು ಆರಿಸಿ, ಒಂದೊಂದು ಮಣಿಕಟ್ಟಿಗೆ ಒಂದೊಂದು ಹಾಕಿಸಿಕೊಂಡು ಹೊರಗೆ ಬನ್ನಿ. ಮೊದಲ ಹದಿನೈದು ನಿಮಿಷ ನಿಮಗೆ ಸಿಗುವುದು ನಿಂಬೆ, ಕಿತ್ತಳೆಗಳ ಹಾರುವ ಭಾಗ. ಮಾರುವವರು ಆ ಹೊತ್ತಿನಲ್ಲೇ ಬಿಲ್ ಹಾಕಿಸಲು ನೋಡುತ್ತಾರೆ. ಹೂವು ಹೊರಬರುವುದು ಅರ್ಧ ಗಂಟೆಯ ಮೇಲೆ, ತಳದ ಮರ, ಕಸ್ತೂರಿ ಕಾಣುವುದು ಇನ್ನೂ ಎರಡು ಗಂಟೆಗೆ. ಬಿಸಿಲಲ್ಲಿ ಒಂದು ಸುತ್ತು ನಡೆದು, ಬೆವತು, ಆಮೇಲೆ ಮೂಸಿ. ಸಂಜೆಯ ಮೊಗ್ಗೋ, ರಾತ್ರಿಯ ಹೂವೋ, ಬೆಳಗಿನದೋ ಎಂದು ಆಗ ತಿಳಿಯುತ್ತದೆ. ಕೌಂಟರಿನ ಮೇಲೆ ಬಟ್ಟಲಲ್ಲಿ ಕಾಫಿ ಬೀಜ ಇಟ್ಟಿರುತ್ತಾರಲ್ಲ, ಅದನ್ನು ಮೂಸಿದರೆ ಮೂಗು ತಿಳಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹೊರಗಿನ ಗಾಳಿ ಕುಡಿಯುವುದೇ ಸರಿ. ಇಷ್ಟವಾದರೂ ಮೊದಲು ಹತ್ತು ಮಿಲಿಲೀಟರಿನ ಚಿಕ್ಕ ಬಾಟಲಿಯನ್ನೇ ಕೊಳ್ಳಿ.

ಊರಿನ ಹವೆ ನೋಡಿಕೊಂಡು ಪ್ರಮಾಣ ಬದಲಿಸಬೇಕು. ಮಂಗಳೂರು, ಕಾರವಾರದ ತೇವದ ಸೆಕೆಯಲ್ಲಿ ಪರಿಮಳ ಮೈಸುತ್ತಲೇ ಕಟ್ಟಿಕೊಂಡು ನಿಲ್ಲುತ್ತದೆ. ಅಲ್ಲಿ ಹಸಿರು ಮಲ್ಲಿಗೆಯ ಇಡಿಟಿ ಒಂದು ಸಲ, ಹೆಚ್ಚೆಂದರೆ ಎರಡು ಸಲ ಸಿಂಪಡಿಸಿದರೆ ಆಯಿತು. ಕಲಬುರಗಿ, ರಾಯಚೂರಿನ ಒಣ ಬಿಸಿಲಿನಲ್ಲಿ ಒಣಗಿದ ಚರ್ಮದ ಮೇಲೆ ಸೆಂಟು ನಿಲ್ಲುವುದಿಲ್ಲ. ಸ್ನಾನವಾದ ಕೂಡಲೇ ವಾಸನೆಯಿಲ್ಲದ ಲೋಷನ್ನೋ ಎರಡು ಹನಿ ಕೊಬ್ಬರಿ ಎಣ್ಣೆಯೋ ತೆಳ್ಳಗೆ ಸವರಿ, ಅದರ ಮೇಲೆ ಮೂರು ನಾಲ್ಕು ಸಲ ಹಾಕಿ. ಸೋಪಿನ ಪರಿಮಳ ಜೋರಾಗಿದ್ದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಗಂಧದ ಸೋಪು ಬಳಸುವವರಿಗೆ ಮಾತ್ರ ಈ ತೊಂದರೆ ಕಡಿಮೆ. ಗಂಧ ಮಲ್ಲಿಗೆಗೆ ಒಳ್ಳೆಯ ಜತೆ. ನನಗೆ ಎಲ್ಲಕ್ಕಿಂತ ಹಿಡಿಸುವ ಜೋಡಿ ಲಾವಂಚ ಮತ್ತು ಮಲ್ಲಿಗೆ. ಕುಡಿಯುವ ನೀರಿನ ಗಡಿಗೆಗೆ ಹಾಕುವ ಅದೇ ಬೇರಿನ ಅತ್ತರನ್ನು ಹತ್ತಿ ಬಟ್ಟೆಯ ಒಳಮಡಿಕೆಗೆ ಒಂದು ಹನಿ ಮುಟ್ಟಿಸಿ, ಮೈಗೆ ಮಲ್ಲಿಗೆ ಇಡಿಟಿ ಹಾಕಿ. ಬೇರಿನ ಮಣ್ಣುವಾಸನೆ ಮಲ್ಲಿಗೆಯ ಸಿಹಿಯನ್ನು ತಗ್ಗಿಸಿ ಸಂಜೆಯವರೆಗೂ ಹಿಡಿದಿಡುತ್ತದೆ.

ಹಾಕಿದ ಮೇಲೆ ಮಣಿಕಟ್ಟುಗಳನ್ನು ಉಜ್ಜುವ ಅಭ್ಯಾಸ ಬಿಡಿ. ಬಿಸಿಲಿಗೆ ಹೋಗುವಾಗ ಕುತ್ತಿಗೆ, ಮುಖದ ಬಳಿ ಬೇಡ: ಬರ್ಗಮಾಟ್‌ನಂಥ ನಿಂಬೆ ಜಾತಿಯ ಎಣ್ಣೆಗಳ ಕೆಲವು ಅಂಶಗಳು ಬಿಸಿಲು ಸೇರಿದರೆ ಚರ್ಮದ ಮೇಲೆ ಕಪ್ಪು ಕಲೆ ಬಿಡುತ್ತವೆ. ಈಗಿನ ದೊಡ್ಡ ಸಂಸ್ಥೆಗಳು ಅವನ್ನು ತೆಗೆದೇ ಬಳಸುತ್ತವೆ, ಆದರೆ ಬಿಡಿಯಾಗಿ ತಂದ ಎಣ್ಣೆ, ಅತ್ತರುಗಳಲ್ಲಿ ಆ ಭರವಸೆ ಇರದು. ಕ್ಷೌರವಾದ ಕೂಡಲೇ ಆ ಜಾಗಕ್ಕೆ ಹಾಕಬೇಡಿ. ರೇಷ್ಮೆ ಸೀರೆಗೆ ಕಲೆಯಾಗುತ್ತದೆ, ಮುತ್ತಿನ ಹೊಳಪು ಕುಂದುತ್ತದೆ. ಸೆಂಟು ಮೊದಲು, ಆಭರಣ ಆಮೇಲೆ. ಹೊಸ ಸೆಂಟನ್ನು ಮೊಣಕೈ ಒಳಬದಿಗೆ ಸ್ವಲ್ಪ ಹಚ್ಚಿ ಒಂದು ದಿನ ಕಾಯಿರಿ. ತುರಿಕೆ, ಕೆಂಪು ಬಂದರೆ ಬಿಡಿ. ಹಳೆಯ ದಾಸ್ತಾನಿನ, ಆಮದಾದ ಬಾಟಲಿ ಕೊಳ್ಳುವವರು ಪದಾರ್ಥಗಳ ಪಟ್ಟಿಯಲ್ಲಿ ಬ್ಯುಟೈಲ್‌ಫಿನೈಲ್ ಮೀಥೈಲ್‌ಪ್ರೊಪಿಯೊನಾಲ್ ಇದೆಯೇ ನೋಡಿಕೊಳ್ಳಿ. ಹೂವಿನ ಸೆಂಟುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಇದನ್ನು ಐರೋಪ್ಯ ಒಕ್ಕೂಟ 2022ರ ಮಾರ್ಚ್‌ನಿಂದ ನಿಷೇಧಿಸಿದೆ. ಆಸ್ಪತ್ರೆಗೆ, ಬಾಣಂತಿ ಮನೆಗೆ, ಉಬ್ಬಸ ಇರುವವರ ಬಳಿಗೆ ಹೋಗುವ ದಿನ ಸೆಂಟೇ ಬೇಡ. ಅಮೆರಿಕ, ಕೆನಡಾದಲ್ಲಿರುವ ನಮ್ಮವರು ತಮ್ಮ ಕಚೇರಿಯಲ್ಲಿ ಸುಗಂಧ ನಿಷೇಧದ ನಿಯಮ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಾಟಲಿಗೆ ಶತ್ರುಗಳು ಬೆಳಕು, ಬಿಸಿ, ಗಾಳಿ. ಕಿಟಕಿ ಪಕ್ಕದ ಕನ್ನಡಿ ಮೇಜು, ಬಚ್ಚಲುಮನೆ ಎರಡೂ ಸರಿಯಾದ ಜಾಗಗಳಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಇಡಲೇಬಾರದು, ಅದರಲ್ಲಿರುವುದು ಹೊತ್ತಿಕೊಳ್ಳುವ ಆಲ್ಕೋಹಾಲ್. ಡಬ್ಬಿಯ ಸಮೇತ ಬೀರುವಿನ ಕೆಳಗಿನ ಅರೆಯಲ್ಲಿಡಿ. ಬಣ್ಣ ಗಾಢವಾಗಿ, ಹಾಕಿದೊಡನೆ ಹುಳಿ ಅಥವಾ ವಾರ್ನಿಷ್ ವಾಸನೆ ಬಂದರೆ ಮೇಲಿನ ಭಾಗ ಕೆಟ್ಟಿದೆ ಎಂದರ್ಥ.

ಕೊನೆಯದಾಗಿ ಎಲ್ಲರೂ ಎಡವುವ ಜಾಗ. ದಿನವೂ ಒಂದೇ ಸೆಂಟು ಹಾಕುವವರಿಗೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಅದರ ವಾಸನೆ ತಿಳಿಯದಂತಾಗುತ್ತದೆ. ಮೂಗು ಅದಕ್ಕೆ ಒಗ್ಗಿರುತ್ತದೆಯೇ ಹೊರತು ಪರಿಮಳ ಹೋಗಿರುವುದಿಲ್ಲ. ಹೋಯಿತೆಂದು ಮತ್ತೆ ಮತ್ತೆ ಸಿಂಪಡಿಸಿಕೊಂಡು ಹೊರಟರೆ ಸಂಜೆಯ ಮೊಗ್ಗು ಆರಿಸಿಕೊಂಡವರೂ ಬಸ್ಸಿನೊಳಗೆ ರಾತ್ರಿಯ ಹೂವಾಗಿಬಿಡುತ್ತಾರೆ. ಮನೆಯಲ್ಲಿ ಯಾರನ್ನಾದರೂ ಎರಡು ಮಾರು ದೂರ ನಿಲ್ಲಿಸಿ, ವಾಸನೆ ಬರುತ್ತಿದೆಯೇ ಎಂದು ಕೇಳಿ. ಬರುತ್ತಿದ್ದರೆ ನಾಳೆ ಒಂದು ಸಲ ಕಡಿಮೆ ಹಾಕಿ.